ಯುದ್ಧದ ಮೊದಲ ಮೂರು ದಿನ: ಸುದ್ದಿ ನಮ್ಮ ಅಭಿಪ್ರಾಯವನ್ನು ಕಟ್ಟುವ ಬಗೆ

ಕಾಶ್ಮೀರದ ಗಡಿ ನಿಯಂತ್ರಣ ರೇಖೆ ತುಮಕೂರಿನಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಮಳೆ, ಕೊಬ್ಬರಿ ಧಾರಣೆ, ಹೇಮಾವತಿ ನಾಲೆಯ ನೀರು ಇವೆಲ್ಲ ಜಿಲ್ಲೆಯ ಜನ ಕಣ್ಣಾರೆ ಕಾಣುವ ಸಂಗತಿಗಳು. ಇವುಗಳ ಬಗ್ಗೆ ಪತ್ರಿಕೆ ತಪ್ಪು ಬರೆದರೆ ತಿಪಟೂರಿನ ಎಪಿಎಂಸಿಯಲ್ಲಿ ನಿಂತವರು ಅಲ್ಲೇ ಹಿಡಿದು ಹೇಳುತ್ತಾರೆ. ಯುದ್ಧದ ಸುದ್ದಿಗೆ ಅಂಥ ಒರೆಗಲ್ಲು ನಮ್ಮ ಕೈಯಲ್ಲಿಲ್ಲ. ಮಗನೋ ಅಳಿಯನೋ ಸೇನೆಯಲ್ಲಿರುವ ಮನೆಗಳನ್ನು ಬಿಟ್ಟರೆ, ಉಳಿದವರ ಪಾಲಿಗೆ ಟಿ.ವಿ., ಪತ್ರಿಕೆ, ಫೋನು ತೋರಿಸಿದ್ದೇ ಯುದ್ಧ.

ಹಾಗಿರುವಾಗ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಯುದ್ಧದ ಬಗ್ಗೆ ಜನರ ಅಭಿಪ್ರಾಯ ಗಟ್ಟಿಯಾಗುವುದು ಮೊದಲ ಎರಡು ಮೂರು ದಿನಗಳಲ್ಲಿ. ಖಚಿತ ಮಾಹಿತಿ ಅತ್ಯಂತ ಕಡಿಮೆ ಇರುವುದೂ ಅದೇ ದಿನಗಳಲ್ಲಿ. ಮುಂದೆ ಬರುವ ವಿವರಗಳು ಎಷ್ಟೇ ನಿಖರವಾಗಿದ್ದರೂ ಆಗಲೇ ಕಟ್ಟಿಕೊಂಡ ಅಭಿಪ್ರಾಯದ ಸುತ್ತ ಹೊಂದಿಕೊಳ್ಳುತ್ತವೆ, ಅದನ್ನು ಕೆಡವುವುದು ಅಪರೂಪ. ಇದು ಹೇಗಾಗುತ್ತದೆ, ಯಾಕಾಗುತ್ತದೆ, ಓದುಗ ಏನು ಮಾಡಬಹುದು ಎಂಬುದನ್ನು ಬಿಡಿಸಿ ನೋಡೋಣ.

ಗಡಿಯಿಂದ ತುಮಕೂರಿನ ಬಿ.ಎಚ್. ರಸ್ತೆಯವರೆಗೆ

ಗಡಿಯಲ್ಲಿ ನಡೆದದ್ದು ಮೊದಲು ಗೊತ್ತಾಗುವುದು ಸೇನೆಗೆ. ಅದರಲ್ಲಿ ಹೊರಗೆ ಹೇಳಬಹುದಾದಷ್ಟನ್ನು ದೆಹಲಿಯ ಪತ್ರಿಕಾಗೋಷ್ಠಿಯಲ್ಲಿ ಹೇಳುತ್ತಾರೆ. ಅದನ್ನು ಪಿಟಿಐ, ಎಎನ್‌ಐ, ರಾಯಿಟರ್ಸ್‌ನಂಥ ಸುದ್ದಿಸಂಸ್ಥೆಗಳು ಇಂಗ್ಲಿಷ್, ಹಿಂದಿಯಲ್ಲಿ ಕಳಿಸುತ್ತವೆ. ಬೆಂಗಳೂರಿನ ಡೆಸ್ಕಿನಲ್ಲಿ ಕೂತ ಉಪಸಂಪಾದಕ ಅದನ್ನು ಕನ್ನಡಕ್ಕೆ ತರುತ್ತಾನೆ. ಅಲ್ಲಿಂದ ಟಿ.ವಿ. ಪರದೆಯ ಕೆಳಗಿನ ಪಟ್ಟಿಗೆ, ಪರದೆಯ ಫೋಟೊ ತೆಗೆದವರ ಮೂಲಕ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಒಟ್ಟು ಐದಾರು ಕೈ ದಾಟುತ್ತದೆ.

ಪ್ರತಿ ಕೈಯಲ್ಲೂ ಏನೋ ಒಂದು ಉದುರುತ್ತದೆ. ಮೊದಲು ಉದುರುವುದು ಅನುಮಾನ. ವರದಿಯ ಒಡಲಿನಲ್ಲಿ ‘ಧ್ವಂಸವಾಗಿದೆ ಎನ್ನಲಾಗಿದೆ’ ಎಂದಿರುತ್ತದೆ. ಪರದೆಯ ಪಟ್ಟಿಯಲ್ಲಿ ಏಳೆಂಟು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲವಾದ್ದರಿಂದ ‘ಎನ್ನಲಾಗಿದೆ’ ಹೋಗಿ ‘ಧ್ವಂಸ?’ ಎಂಬ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ. ಗುಂಪಿಗೆ ಬರುವಾಗ ಆ ಚಿಹ್ನೆಯೂ ಇರುವುದಿಲ್ಲ. ಎರಡನೆಯದಾಗಿ ಹೇಳಿದವರ ಹೆಸರು ಉದುರುತ್ತದೆ. ‘ಪಾಕಿಸ್ತಾನದ ಮಂತ್ರಿ ಹೇಳಿಕೊಂಡಿದ್ದಾರೆ’ ಎಂಬುದಕ್ಕೂ ‘ರಕ್ಷಣಾ ಸಚಿವಾಲಯ ದೃಢಪಡಿಸಿದೆ’ ಎಂಬುದಕ್ಕೂ ಇರುವ ಅಜಗಜಾಂತರ ‘ಮೂಲಗಳ ಪ್ರಕಾರ’ ಎಂಬ ಎರಡು ಪದದಲ್ಲಿ ಅಳಿಸಿಹೋಗುತ್ತದೆ. ಮೂರನೆಯದು ಅಂಕಿ. ಸೇನೆಗಳ ಲೆಕ್ಕದಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಎಲ್ಲ ಸೇರಿ ಒಂದೇ ಸಂಖ್ಯೆ ಬರುವುದುಂಟು. ಅವಸರದಲ್ಲಿ ಆ ಇಡೀ ಸಂಖ್ಯೆ ಸತ್ತವರದ್ದಾಗಿಬಿಡುತ್ತದೆ.

ಅಚ್ಚಿನ ಪತ್ರಿಕೆ ಈ ಓಟದಲ್ಲಿ ಹಿಂದೆ ಬೀಳುತ್ತದೆ, ಹಾಗೆ ಹಿಂದೆ ಬೀಳುವುದೇ ಅದರ ಬಲ. ಪಾಕಿಸ್ತಾನದ ಕಡೆಯ ನೆಲೆಗಳ ಮೇಲೆ ಭಾರತದ ಆಪರೇಷನ್ ಸಿಂಧೂರದ ದಾಳಿ ನಡೆದದ್ದು 2025ರ ಮೇ 7ರ ನಸುಕಿನ 1.05ರಿಂದ 1.30ರ ನಡುವೆ. ಪಾವಗಡ, ಮಧುಗಿರಿ, ಶಿರಾ ಕಡೆಗೆ ಹೋಗುವ ಕಟ್ಟುಗಳು ಸಾಮಾನ್ಯವಾಗಿ ಆ ಹೊತ್ತಿಗೆ ಅಚ್ಚಾಗಿ ಮುಗಿದಿರುತ್ತವೆ. ಹೀಗಾಗಿ ಮೊದಲ ದಿನ ಪೂರ್ತಿ ಟಿ.ವಿ. ಮತ್ತು ಫೋನಿನ ಪಾಲು. ಪತ್ರಿಕೆಯ ವಿವರವಾದ ವರದಿ ಕೈಗೆ ಬರುವ ಹೊತ್ತಿಗೆ ಓದುಗ ಇಪ್ಪತ್ತನಾಲ್ಕು ಗಂಟೆಯ ಬಿತ್ತರದಲ್ಲಿ ಮಿಂದು ಬಂದಿರುತ್ತಾನೆ, ತನಗಾಗಲೇ ಗೊತ್ತು ಎಂದುಕೊಂಡಿದ್ದನ್ನು ಹುಡುಕುತ್ತಾ ಓದುತ್ತಾನೆ.

ಟಿ.ವಿ. ಯಾಕೆ ಕಾಯುವುದಿಲ್ಲ ಎಂಬುದಕ್ಕೆ ಲೆಕ್ಕಾಚಾರದ ಕಾರಣವಿದೆ. ಯುದ್ಧದ ಒಂದು ದಿನದಲ್ಲಿ ಖಚಿತವಾಗಿ ತಿಳಿಯುವ ಸಂಗತಿಗಳನ್ನು ಓದಿದರೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ತುಂಬಬೇಕಾದದ್ದು ಇಪ್ಪತ್ತನಾಲ್ಕು ಗಂಟೆ. ಗಡಿಗೆ ವರದಿಗಾರ, ಕ್ಯಾಮೆರಾಮನ್, ವಾಹನ ಕಳಿಸುವುದು ದುಬಾರಿ, ಸ್ಟುಡಿಯೋದಲ್ಲಿ ಆರು ಜನರನ್ನು ಕೂರಿಸಿ ಚರ್ಚೆ ಮಾಡಿಸುವುದು ಅಗ್ಗ. ಹಾಗಾಗಿ ಉಳಿದ ಹೊತ್ತನ್ನು ಊಹೆ, ಗ್ರಾಫಿಕ್ಸ್, ಹಳೆಯ ದೃಶ್ಯ, ವಾಗ್ವಾದ ತುಂಬುತ್ತವೆ. ಎಷ್ಟು ಜನ ನೋಡಿದರು ಎಂಬುದನ್ನು ಬಾರ್ಕ್ ಸಂಸ್ಥೆ ಅಳೆಯುವುದು ಸುಮಾರು 58,000 ಮನೆಗಳಲ್ಲಿಟ್ಟ ಮೀಟರುಗಳಿಂದ. ದೇಶದ ಟಿ.ವಿ. ಮನೆಗಳು ಇಪ್ಪತ್ತು ಕೋಟಿಗೂ ಹೆಚ್ಚು. ಜಾಹೀರಾತಿನ ದರ ನಿಲ್ಲುವುದು ಆ ಅಳತೆಯ ಮೇಲೆ. ‘ಇನ್ನೂ ಖಚಿತವಾಗಿಲ್ಲ, ಕಾದು ನೋಡೋಣ’ ಎನ್ನುವ ವಾಹಿನಿಯಿಂದ ‘ಈಗಷ್ಟೇ ಬಂದ ಸುದ್ದಿ’ ಎನ್ನುವ ವಾಹಿನಿಗೆ ರಿಮೋಟು ತಿರುಗುತ್ತದೆ. ತಪ್ಪು ಹೇಳಿದ್ದಕ್ಕೆ ರೇಟಿಂಗ್ ಕಳೆದುಕೊಳ್ಳುವ ವ್ಯವಸ್ಥೆ ಇಲ್ಲ, ತಡವಾಗಿ ಹೇಳಿದ್ದಕ್ಕೆ ಕಳೆದುಕೊಳ್ಳುವ ವ್ಯವಸ್ಥೆ ಇದೆ. ಆ್ಯಂಕರ್‌ಗಳ ಅಬ್ಬರವನ್ನು ಬೈದು ಸುಮ್ಮನಾದರೆ ಈ ಮೂಲ ಕಾರಣ ಹಾಗೇ ಉಳಿಯುತ್ತದೆ.

ಮೇ 8ರ ರಾತ್ರಿ

2025ರ ಮೇ 8ರ ರಾತ್ರಿ ಭಾರತದ ಹಲವು ವಾಹಿನಿಗಳು ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದೆ ಎಂದು ಬಿತ್ತರಿಸಿದವು. ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್ ಹೆಸರು, ನಕ್ಷೆ, ಬೆಂಕಿಯ ದೃಶ್ಯ ಎಲ್ಲವೂ ಪರದೆಯಲ್ಲಿದ್ದವು. ಅಂಥ ದಾಳಿ ನಡೆದಿರಲಿಲ್ಲ. ಮೇ 11ರಂದು ಮೂರೂ ಪಡೆಗಳ ಅಧಿಕಾರಿಗಳು ಪತ್ರಿಕಾಗೋಷ್ಠಿ ನಡೆಸಿದಾಗ ನೌಕಾಪಡೆಯ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಹೇಳಿದ್ದು ಇಷ್ಟು: ಹಡಗುಗಳು ಅರಬ್ಬಿ ಸಮುದ್ರದಲ್ಲಿ ಸಜ್ಜಾಗಿ ನಿಂತಿದ್ದವು, ಕರಾಚಿಯೂ ಸೇರಿದಂತೆ ಆಯ್ದ ಗುರಿಗಳ ಮೇಲೆ ನಮಗೆ ಬೇಕಾದ ಸಮಯದಲ್ಲಿ ಹೊಡೆಯುವ ಶಕ್ತಿ ಇತ್ತು. ಸಜ್ಜಾಗಿ ನಿಲ್ಲುವುದು ಬೇರೆ, ಹೊಡೆಯುವುದು ಬೇರೆ.

ಕರಾಚಿ ಹೊತ್ತಿ ಉರಿಯುತ್ತಿದೆ ಎಂದು ಹರಿದಾಡಿದ ದೃಶ್ಯಗಳಲ್ಲಿ ಒಂದು ಅಮೆರಿಕದ ಫಿಲಡೆಲ್ಫಿಯಾದ್ದು. ಅದೇ ವರ್ಷ ಜನವರಿ 31ರಂದು ಅಲ್ಲೊಂದು ಸಣ್ಣ ವಿಮಾನ ಬಿದ್ದು ಹೊತ್ತಿಕೊಂಡಾಗ ತೆಗೆದ ವಿಡಿಯೊ. ಸಂಬಂಧವೇ ಇಲ್ಲದ ದೃಶ್ಯ ಯಾಕೆ ಒಗ್ಗಿಕೊಂಡಿತು? ರಾತ್ರಿಯ ಬೆಂಕಿಗೆ ಊರಿನ ಗುರುತಿರುವುದಿಲ್ಲ. ಕತ್ತಲು, ಕಿತ್ತಳೆ ಬೆಳಕು, ಕೂಗು, ನಡುಗುವ ಕ್ಯಾಮೆರಾ ಇಷ್ಟಿದ್ದರೆ ಅದು ಯಾವ ಯುದ್ಧದ್ದೂ ಆಗಬಹುದು. ಗಡಿಯಾಚೆಯೂ ಇದೇ ಕತೆ. ಭಾರತದ ಮಹಿಳಾ ಪೈಲಟ್ ಒಬ್ಬರನ್ನು ಸೆರೆ ಹಿಡಿದಿದ್ದೇವೆ ಎಂಬ ಸುಳ್ಳು ಹರಡಿತು, ಕೇಂದ್ರ ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿ ಅದನ್ನು ಅಲ್ಲಗಳೆಯಿತು. ಭಾರತದ ವಿಮಾನಗಳನ್ನು ಹೊಡೆದುರುಳಿಸಿದ್ದಕ್ಕೆ ಸಾಕ್ಷ್ಯವೇನು ಎಂದು ಸಿಎನ್‌ಎನ್ ಕೇಳಿದಾಗ ಪಾಕಿಸ್ತಾನದ ರಕ್ಷಣಾ ಮಂತ್ರಿ ಖವಾಜಾ ಆಸಿಫ್ ಸಾಮಾಜಿಕ ಜಾಲತಾಣಗಳ ಕಡೆ ಬೆರಳು ತೋರಿಸಿದರು.

ಇನ್ನು ನಷ್ಟದ ವಿಚಾರ. ಮೇ 11ರ ಗೋಷ್ಠಿಯಲ್ಲಿ ಏರ್ ಮಾರ್ಷಲ್ ಎ.ಕೆ. ಭಾರ್ತಿ, ಯುದ್ಧದಲ್ಲಿ ನಷ್ಟ ಸಹಜ, ನಮ್ಮ ಪೈಲಟ್‌ಗಳೆಲ್ಲ ಮರಳಿದ್ದಾರೆ ಎಂದಿದ್ದರು. ವಿಮಾನ ನಷ್ಟವಾಗಿದ್ದನ್ನು ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ (ಸಿಡಿಎಸ್) ಜನರಲ್ ಅನಿಲ್ ಚೌಹಾಣ್ ಒಪ್ಪಿದ್ದು ಮೇ 31ರಂದು, ಸಿಂಗಪುರದಲ್ಲಿ. ಸಂಖ್ಯೆ ಹೇಳಲಿಲ್ಲ, ಆರು ವಿಮಾನ ಎಂಬ ಪಾಕಿಸ್ತಾನದ ಮಾತನ್ನು ತಳ್ಳಿಹಾಕಿದರು. ಕದನ ನಿಂತದ್ದು ಮೇ 10ರ ಸಂಜೆ 5ಕ್ಕೆ. ಅಂದರೆ ಖಚಿತವಾದ ಒಂದು ಮಾತು ಹೊರಬರಲು ಕದನ ನಿಂತ ಮೇಲೆ ಮೂರು ವಾರ ಬೇಕಾಯಿತು. ಸೇನೆಯ ದೃಷ್ಟಿಯಿಂದ ಈ ತಡಕ್ಕೆ ಕಾರಣಗಳಿವೆ, ಕಾರ್ಯಾಚರಣೆ ನಡೆಯುವಾಗ ತನ್ನ ನಷ್ಟವನ್ನು ಎದುರಾಳಿಗೆ ಹೇಳಿಕೊಡುವ ಸೇನೆ ಜಗತ್ತಿನಲ್ಲಿಲ್ಲ. ತೊಂದರೆ ಇರುವುದು ಆ ಮೂರು ವಾರದ ಖಾಲಿ ಜಾಗದಲ್ಲಿ. ಖಾಲಿ ಬಿಟ್ಟರೆ ಯಾರೂ ನೋಡುವುದಿಲ್ಲ, ತುಂಬಿದರೆ ಅಂತೆಕಂತೆ.

ಅದೇ ಮೇ 10ರಂದು ಕೇಂದ್ರದ ನಾಗರಿಕ ರಕ್ಷಣಾ ಇಲಾಖೆ ವಾಹಿನಿಗಳಿಗೆ ಸೂಚನೆ ಕೊಟ್ಟಿತು: ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಶಬ್ದ ಬಳಸಬೇಡಿ. ಸ್ಟುಡಿಯೋದಲ್ಲಿ ಗಂಟೆಗೊಮ್ಮೆ ಸೈರನ್ ಕೇಳಿ ಕಿವಿ ಒಗ್ಗಿದವರು ನಿಜವಾದ ಸೈರನ್ ಕೂಗಿದ ದಿನ ಜಾಗ ಬಿಟ್ಟು ಏಳುವುದಿಲ್ಲ ಎಂಬುದು ಅದರ ಹಿಂದಿನ ಆತಂಕ. ಬಿತ್ತರದ ಅಬ್ಬರಕ್ಕೆ ಪ್ರಾಣದ ಬೆಲೆಯೂ ಇರಬಹುದು ಎಂದು ಸರ್ಕಾರದ ಇಲಾಖೆಯೇ ಹೇಳಿದ ಈ ಸೂಚನೆಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ.

ಬಾವುಟದ ಸುತ್ತ ಸೇರುವುದು

ದೇಶದ ಮೇಲೆ ದಾಳಿಯಾದಾಗ ಜನ ಆಳುವವರ ಬೆನ್ನಿಗೆ ನಿಲ್ಲುವುದನ್ನು ಅಳೆದು ನೋಡಿದ್ದಾರೆ. 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಗೆ ಮುಂಚೆ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಕೆಲಸವನ್ನು ಮೆಚ್ಚಿದವರು ಗ್ಯಾಲಪ್ ಸಮೀಕ್ಷೆಯ ಪ್ರಕಾರ ಶೇ 51. ಎರಡೇ ವಾರದಲ್ಲಿ ಅದು ಶೇ 90. ಹಿಂದೆ ಅಧ್ಯಕ್ಷರಾಗಿದ್ದ ಅವರ ತಂದೆಗೆ, ಕುವೈತನ್ನು ಆಕ್ರಮಿಸಿದ್ದ ಇರಾಕನ್ನು ಹೊರಹಾಕಿದ 1991ರ ಕೊಲ್ಲಿ ಯುದ್ಧ ಮುಗಿದಾಗ ಶೇ 89 ಇತ್ತು, 1992ರ ನವೆಂಬರಿನಲ್ಲಿ ಅವರೇ ಚುನಾವಣೆ ಸೋತರು.

ತಂದೆಯ ಸೋಲಿನಲ್ಲಿ ಮಾಧ್ಯಮದ ಒಂದು ಮುಖ್ಯ ಕೆಲಸ ಕಾಣುತ್ತದೆ. ಟಿ.ವಿ. ದಿನವಿಡೀ ಕುವೈತ್ ತೋರಿಸುತ್ತಿದ್ದಾಗ ಜನ ಅಧ್ಯಕ್ಷರಿಗೆ ಅಂಕ ಕೊಟ್ಟದ್ದು ಕುವೈತಿನ ವಿಷಯದಲ್ಲಿ. ಟಿ.ವಿ. ಉದ್ಯೋಗ, ಬೆಲೆಯ ಕಡೆ ತಿರುಗಿದಾಗ ಅದೇ ಜನ ಉದ್ಯೋಗ, ಬೆಲೆಯ ವಿಷಯದಲ್ಲಿ ಅಂಕ ಕೊಟ್ಟರು. ಯುದ್ಧದ ಫಲಿತಾಂಶ ಒಂದಿನಿತೂ ಬದಲಾಗಿರಲಿಲ್ಲ. ಯಾವ ಪ್ರಶ್ನೆಪತ್ರಿಕೆ ಇಟ್ಟು ತಿದ್ದಬೇಕು ಎಂಬುದನ್ನು ಸುದ್ದಿ ತೀರ್ಮಾನಿಸಿತು. 1970ರ ದಶಕದಿಂದ ಸಂಶೋಧಕರು ಹೇಳುತ್ತಾ ಬಂದಿರುವುದು ಇದನ್ನೇ: ಹೀಗೇ ಯೋಚಿಸಿ ಎಂದು ಜನರನ್ನು ಒಪ್ಪಿಸುವುದು ಮಾಧ್ಯಮಕ್ಕೆ ಕಷ್ಟ, ಇದರ ಬಗ್ಗೆಯೇ ಯೋಚಿಸಿ ಎಂದು ಒಪ್ಪಿಸುವುದು ಸುಲಭ.

ಮೊದಲ ದಿನಗಳಲ್ಲಿ ಭಿನ್ನ ದನಿ ಯಾಕೆ ಕೇಳುವುದಿಲ್ಲ? ದೇಶಾಭಿಮಾನ ಒಂದು ಕಾರಣ, ಅದು ನಿಜವಾದದ್ದೂ ಹೌದು. ಇನ್ನೊಂದು ಕಾರಣವನ್ನು ಲ್ಯಾನ್ಸ್ ಬೆನೆಟ್ ಎಂಬ ವಿದ್ವಾಂಸ 1990ರಲ್ಲಿ ವಿವರಿಸಿದರು. ವರದಿಗಾರರು ಪ್ರಶ್ನೆಗಳನ್ನು ತಾವಾಗಿ ಹುಟ್ಟಿಸುವುದು ಕಡಿಮೆ, ಅಧಿಕಾರದಲ್ಲಿರುವವರು ಮತ್ತು ಪ್ರತಿಪಕ್ಷದವರು ತಮ್ಮೊಳಗೆ ಎಷ್ಟು ಜಗಳವಾಡುತ್ತಾರೋ ಅಷ್ಟೇ ಅಗಲದ ಚರ್ಚೆ ಸುದ್ದಿಯಲ್ಲಿ ಬರುತ್ತದೆ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರ ಹತ್ಯೆಯಾದ ಮೇಲೆ ಸರ್ವಪಕ್ಷ ಸಭೆಗಳಲ್ಲಿ ಎಲ್ಲ ಪಕ್ಷಗಳೂ ಸರ್ಕಾರದ ಜೊತೆ ನಿಂತವು. ಭದ್ರತಾ ಲೋಪ, ನಷ್ಟ, ಕದನವಿರಾಮದ ಬಗ್ಗೆ ಸಂಸತ್ತಿನಲ್ಲಿ ದೀರ್ಘ ಚರ್ಚೆ ನಡೆದದ್ದು ಜುಲೈ ಕೊನೆಯ ವಾರದಲ್ಲಿ. ಪ್ರಶ್ನೆಗಳು ಪತ್ರಿಕೆಯ ಮುಖಪುಟಕ್ಕೆ ಬರುವ ಕಾಲವನ್ನು ಬಹುಮಟ್ಟಿಗೆ ರಾಜಕೀಯದ ಪಂಚಾಂಗವೇ ಗೊತ್ತುಮಾಡುತ್ತದೆ.

ಊರಿನ ಮಟ್ಟದಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಚಿಂತಾಮಣಿಯಲ್ಲೋ ಮಾಲೂರಿನಲ್ಲೋ ಇನ್ನೂರು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆಯುವವರು ಬೆರಳೆಣಿಕೆ ಮಂದಿ. ಅವರ ದನಿಯೇ ಊರಿನ ದನಿ ಎಂದು ಉಳಿದವರು ತಿಳಿಯುತ್ತಾರೆ. ಬೇರೆ ಅಭಿಪ್ರಾಯ ಇರುವವನು ತಾನೊಬ್ಬನೇ ಎಂದುಕೊಂಡು ಸುಮ್ಮನಾಗುತ್ತಾನೆ, ಅವನ ಮೌನ ನೋಡಿ ಇನ್ನೊಬ್ಬ ಸುಮ್ಮನಾಗುತ್ತಾನೆ. ಜರ್ಮನಿಯ ಎಲಿಜಬೆತ್ ನೋಯೆಲ್ ನ್ಯೂಮನ್ 1974ರಲ್ಲಿ ಇದನ್ನು ಮೌನದ ಸುರುಳಿ ಎಂದು ಕರೆದರು. ಸಣ್ಣ ಊರಿನಲ್ಲಿ ಈ ಸುರುಳಿ ಬೇಗ ಬಿಗಿಯುತ್ತದೆ: ಗುಂಪಿನಲ್ಲಿ ತಕರಾರು ಮಾಡಿದವರ ಮುಖವನ್ನು ಮರುದಿನ ಡೇರಿಯಲ್ಲಿ, ಸೊಸೈಟಿಯಲ್ಲಿ, ಮದುವೆ ಛತ್ರದಲ್ಲಿ ನೋಡಲೇಬೇಕು.

ಕ್ಯಾಮೆರಾ ಎಲ್ಲಿ ನಿಂತಿದೆ

2003ರ ಏಪ್ರಿಲ್ 9ರಂದು ಬಾಗ್ದಾದಿನ ಫಿರ್ದೋಸ್ ಚೌಕದಲ್ಲಿ ಸದ್ದಾಂ ಹುಸೇನ್ ಪ್ರತಿಮೆ ಬಿತ್ತು. ಜಗತ್ತು ನೋಡಿದ್ದು ಹತ್ತಿರದಿಂದ ತೆಗೆದ ದೃಶ್ಯ: ಚೌಕಟ್ಟು ತುಂಬಾ ಜನ, ಸಂಭ್ರಮ. ದೂರದಿಂದ ಇಡೀ ಚೌಕವನ್ನು ತೆಗೆದ ಚಿತ್ರಗಳಲ್ಲಿ ಪ್ರತಿಮೆಯ ಬುಡದಲ್ಲಿ ಸಣ್ಣ ಗುಂಪು, ಸುತ್ತ ಅಮೆರಿಕದ ಟ್ಯಾಂಕುಗಳು, ಉಳಿದಂತೆ ಬಹುಪಾಲು ಬಯಲು. ಎರಡೂ ಅಸಲಿ ಚಿತ್ರ, ಯಾರೂ ತಿದ್ದಿಲ್ಲ. ಒಂದನ್ನು ನೋಡಿದವನು ‘ಇಡೀ ನಗರ ಎದ್ದು ಬಂತು’ ಎಂದುಕೊಂಡ, ಇನ್ನೊಂದನ್ನು ನೋಡಿದವನು ಹಾಗೆಂದುಕೊಳ್ಳಲಾರ. ಆ ಪ್ರತಿಮೆಯನ್ನು ಎಳೆದು ಬೀಳಿಸಿದ್ದು ಅಮೆರಿಕ ಸೇನೆಯ ವಾಹನ.

1991ರಲ್ಲೂ ಇಂಥದ್ದೇ ನಡೆದಿತ್ತು. ಗುರಿಯ ಕಿಟಕಿಯೊಳಗೇ ಹೋಗಿ ಬೀಳುವ ಬಾಂಬಿನ ವಿಡಿಯೊಗಳನ್ನು ಅಮೆರಿಕ ಸೇನೆ ದಿನವೂ ತೋರಿಸಿತು. ಯುದ್ಧ ಈಗ ಶಸ್ತ್ರಚಿಕಿತ್ಸೆಯಷ್ಟು ನಿಖರ ಎಂದು ಜನ ನಂಬಿದರು. ಆ ಯುದ್ಧದಲ್ಲಿ ಹಾಕಿದ ಬಾಂಬುಗಳಲ್ಲಿ ಅಂಥ ಮಾರ್ಗದರ್ಶಿ ಬಾಂಬುಗಳು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಉಳಿದವುಗಳ ಮೂತಿಯಲ್ಲಿ ಕ್ಯಾಮೆರಾ ಇರಲಿಲ್ಲ, ಹಾಗಾಗಿ ಅವು ಬಿದ್ದದ್ದು ಟಿ.ವಿ.ಯಲ್ಲಿ ಕಾಣಲಿಲ್ಲ.

ನಮ್ಮದೇ ಉದಾಹರಣೆ ಇನ್ನೂ ಕಟುವಾದದ್ದು. 1999ರ ಕಾರ್ಗಿಲ್ ಯುದ್ಧದಲ್ಲಿ ಅಧಿಕೃತ ಲೆಕ್ಕದಂತೆ 527 ಭಾರತೀಯ ಯೋಧರು ಪ್ರಾಣ ಕೊಟ್ಟರು. ಖಾಸಗಿ ವಾಹಿನಿಗಳ ಕಾಲ ಅದು. ವರದಿಗಾರರು ದ್ರಾಸ್‌ನಿಂದ ಫಿರಂಗಿ ಸದ್ದಿನ ನಡುವೆ ಮಾತಾಡಿದರು, ಪಾರ್ಥಿವ ಶರೀರಗಳನ್ನು ಅವರವರ ಊರಿಗೆ ಕಳಿಸಲಾಯಿತು, ಅಂತಿಮಯಾತ್ರೆಗಳನ್ನು ದೇಶ ಕಂಡಿತು. ಪ್ರತಿ ಜುಲೈ 26ರಂದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಶಾಲೆಗಳ ಮಕ್ಕಳಿಗೂ ಅದರ ಅರಿವಿದೆ. 1987ರಿಂದ 1990ರವರೆಗೆ ಶ್ರೀಲಂಕಾದಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆ ಕಳೆದುಕೊಂಡದ್ದು 1,100ಕ್ಕೂ ಹೆಚ್ಚು ಯೋಧರನ್ನು, ಕಾರ್ಗಿಲ್‌ನ ಎರಡು ಪಟ್ಟಿಗೂ ಹೆಚ್ಚು. ಆಗ ಟಿ.ವಿ. ಎಂದರೆ ದೂರದರ್ಶನ ಒಂದೇ. ಯುದ್ಧದ ದೃಶ್ಯ ಮನೆಗೆ ಬರಲಿಲ್ಲ, ಗೆಲುವೆಂದು ಹೇಳಿಕೊಳ್ಳುವ ಮುಕ್ತಾಯವೂ ಇರಲಿಲ್ಲ. ಆ ಸಾವಿರ ಮನೆಗಳ ದುಃಖ ದೇಶದ ನೆನಪಾಗಲೇ ಇಲ್ಲ. ತ್ಯಾಗಕ್ಕೆ ಕ್ಯಾಮೆರಾ ಇದ್ದರೆ ಮಾತ್ರ ಮಾನ್ಯತೆ ಎನ್ನುವುದು ಅನ್ಯಾಯ, ಆದರೆ ನಡೆದದ್ದು ಅದೇ.

ತಿದ್ದುಪಡಿ ಯಾಕೆ ಸೋಲುತ್ತದೆ

1990ರ ಅಕ್ಟೋಬರ್ 10ರಂದು ವಾಷಿಂಗ್ಟನ್ನಿನಲ್ಲಿ, ಅಮೆರಿಕದ ಸಂಸದರ ಮಾನವ ಹಕ್ಕುಗಳ ಕೂಟದ ಮುಂದೆ, ನಯೀರಾ ಎಂಬ 15 ವರ್ಷದ ಹುಡುಗಿ ಕಣ್ಣೀರಿಡುತ್ತಾ ಹೇಳಿದಳು: ಕುವೈತಿನ ಆಸ್ಪತ್ರೆಗೆ ನುಗ್ಗಿದ ಇರಾಕಿ ಸೈನಿಕರು ಹಸುಗೂಸುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು. ಮಾತು ಜಗತ್ತೆಲ್ಲ ಹರಡಿತು. ಅಧ್ಯಕ್ಷರು ಭಾಷಣಗಳಲ್ಲಿ ಮತ್ತೆ ಮತ್ತೆ ಹೇಳಿದರು, ಆಮ್ನೆಸ್ಟಿ ಎಂಬ ಮಾನವ ಹಕ್ಕುಗಳ ಸಂಸ್ಥೆಯೂ ಡಿಸೆಂಬರಿನಲ್ಲಿ ತನ್ನ ವರದಿಯಲ್ಲಿ ಸೇರಿಸಿತು. 1991ರ ಜನವರಿ 12ರಂದು ಸೆನೆಟ್ 52–47 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಆ ಸಾಕ್ಷ್ಯದ ಹಿಂದೆ ಕುವೈತ್ ಸರ್ಕಾರದ ಹಣ ಪಡೆದ ಹಿಲ್ ಆ್ಯಂಡ್ ನೋಲ್ಟನ್ ಎಂಬ ಪ್ರಚಾರ ಸಂಸ್ಥೆಯ ಕೈ ಇತ್ತು ಎಂಬುದು ಪತ್ರಿಕೆಗೆ ಬಂದದ್ದು 1992ರ ಜನವರಿಯಲ್ಲಿ. ಆ ಹೊತ್ತಿಗೆ ಯುದ್ಧ ಮುಗಿದು ಹತ್ತು ತಿಂಗಳು ದಾಟಿತ್ತು. ಆಮ್ನೆಸ್ಟಿ ತನ್ನ ಮಾತನ್ನು 1991ರಲ್ಲೇ, ಯುದ್ಧ ಮುಗಿದ ಮೇಲೆ, ಹಿಂತೆಗೆದುಕೊಂಡಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಕುವೈತಿನಲ್ಲಿ ಇರಾಕಿ ಸೇನೆ ಮಾಡಿದ ಕೊಲೆ, ಹಿಂಸೆ ಸುಳ್ಳಲ್ಲ. ಈ ಒಂದು ಕತೆಗೆ ಆಧಾರ ಸಿಗಲಿಲ್ಲ, ಅಷ್ಟೆ. ಕಟ್ಟುಕತೆಯ ದೊಡ್ಡ ಹಾನಿ ಇರುವುದೂ ಇಲ್ಲಿಯೇ: ಅದು ಮುಂದೆ ಬರುವ ನಿಜವನ್ನೂ ಕೆಡಿಸುತ್ತದೆ. ಜರ್ಮನ್ನರು ಹೆಣಗಳಿಂದ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಿದ್ದಾರೆ ಎಂದು 1917ರಲ್ಲಿ ಬ್ರಿಟಿಷ್ ಪತ್ರಿಕೆಗಳು ಬರೆದವು. ಅದಕ್ಕೆ ಆಧಾರವಿಲ್ಲವೆಂದು 1925ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲೇ ಒಪ್ಪಿಕೊಂಡರು. 1942ರಲ್ಲಿ ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತಿರುವ ನಿಜವಾದ ಸುದ್ದಿ ಬಂದಾಗ, ಹಿಂದೆ ಕೈಸುಟ್ಟುಕೊಂಡಿದ್ದ ಎಷ್ಟೋ ಜನ ಇದೂ ಹಾಗೇ ಇರಬೇಕೆಂದು ತಳ್ಳಿಹಾಕಿದರು.

ತಿದ್ದುಪಡಿ ಸೋಲುವುದಕ್ಕೆ ಮೂರು ಕಾರಣ ಹೇಳಬಹುದು. ಸುದ್ದಿ ಮುಖಪುಟದಲ್ಲಿ, ತಿದ್ದುಪಡಿ ಒಳಪುಟದ ಮೂಲೆಯಲ್ಲಿ. ಟಿ.ವಿ.ಯಲ್ಲಾದರೆ ಅದೂ ಇಲ್ಲ, ಸುದ್ದಿ ಸದ್ದಿಲ್ಲದೆ ಪಟ್ಟಿಯಿಂದ ಮಾಯವಾಗುತ್ತದೆ. ಎರಡನೆಯದು, ಪದೇ ಪದೇ ಕೇಳಿದ ಮಾತು ನಿಜವೆನಿಸುತ್ತದೆ. 1977ರಿಂದ ಮನಶ್ಶಾಸ್ತ್ರಜ್ಞರು ಪ್ರಯೋಗಗಳಲ್ಲಿ ತೋರಿಸಿರುವ ಸಂಗತಿ ಇದು. ಸುಳ್ಳೆಂದು ಹೇಳುವುದಕ್ಕಾಗಿ ಆ ಸುಳ್ಳನ್ನೇ ದೊಡ್ಡ ಅಕ್ಷರದಲ್ಲಿ ಮತ್ತೆ ಹಾಕಿದರೂ ಅದು ಇನ್ನೊಮ್ಮೆ ಕಣ್ಣಿಗೆ ಬಿತ್ತು ಎಂದೇ ಲೆಕ್ಕ. ಮೂರನೆಯದು, ಸುಳ್ಳನ್ನು ಕಿತ್ತರೆ ಕತೆಯಲ್ಲಿ ತೂತು ಉಳಿಯುತ್ತದೆ. ‘ಹಾಗಲ್ಲ’ ಎಂದರೆ ಸಾಲದು, ‘ಹಾಗಾದರೆ ಏನಾಯಿತು’ ಎಂಬುದನ್ನೂ ಕೊಟ್ಟಾಗ ಮಾತ್ರ ತಿದ್ದುಪಡಿ ನಿಲ್ಲುತ್ತದೆ.

ಇರಾಕ್ ಯುದ್ಧದ ನಂತರ, 2003ರಲ್ಲಿ, ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೊತೆಗಿದ್ದ ಪಿಪಾ ಎಂಬ ಸಮೀಕ್ಷಾ ತಂಡ ಇದನ್ನು ಅಳೆಯಿತು. ಮೂರು ತಪ್ಪು ನಂಬಿಕೆಗಳನ್ನು ಮುಂದಿಟ್ಟಿತು: ಇರಾಕಿಗೂ ಅಲ್ ಖೈದಾಗೂ ನಂಟಿದ್ದದ್ದು ಸಾಬೀತಾಗಿದೆ, ಸಮೂಹನಾಶಕ ಅಸ್ತ್ರಗಳು ಸಿಕ್ಕಿವೆ, ಜಗತ್ತಿನ ಜನ ಯುದ್ಧದ ಪರ ಇದ್ದಾರೆ. ಇವುಗಳಲ್ಲಿ ಒಂದನ್ನಾದರೂ ನಂಬಿದವರು ಫಾಕ್ಸ್ ವಾಹಿನಿಯನ್ನು ಮುಖ್ಯವಾಗಿ ನೋಡುವವರಲ್ಲಿ ಶೇ 80, ಸಾರ್ವಜನಿಕ ಪ್ರಸಾರ ಸಂಸ್ಥೆಗಳನ್ನು ನೆಚ್ಚಿದವರಲ್ಲಿ ಶೇ 23. ಮೂರನ್ನೂ ನಂಬಿದವರಲ್ಲಿ ಶೇ 86 ಮಂದಿ ಯುದ್ಧದ ಪರ, ಒಂದನ್ನೂ ನಂಬದವರಲ್ಲಿ ಶೇ 23. ಇದರಿಂದ ಎಲ್ಲವನ್ನೂ ವಾಹಿನಿಯ ತಲೆಗೆ ಕಟ್ಟುವಂತಿಲ್ಲ. ಯುದ್ಧ ಬೇಕೆನ್ನುವವರು ತಮಗೆ ಹಿತವಾದ ವಾಹಿನಿಯನ್ನೇ ಆಯ್ದುಕೊಂಡಿರಬಹುದು. ಅಂಕಿಗಳು ಹೇಳುವುದು ಇಷ್ಟು: ತಪ್ಪು ತಿಳಿವಳಿಕೆಯೂ ಬೆಂಬಲವೂ ಒಟ್ಟಿಗೇ ಏರುತ್ತವೆ.

ಮಾಧ್ಯಮದ ಶಕ್ತಿಗೆ ಎಲ್ಲೆ

ಟಿ.ವಿ.ಯಿಂದಲೇ ಅಮೆರಿಕ ವಿಯೆಟ್ನಾಂ ಯುದ್ಧ ಸೋತಿತು ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಅದು ಪರೀಕ್ಷೆಗೆ ನಿಲ್ಲುವುದಿಲ್ಲ. ಸೈನ್ಯ ಕಳಿಸಿದ್ದು ತಪ್ಪು ಎಂದವರು 1965ರ ಆಗಸ್ಟಿನಲ್ಲಿ ಶೇ 24, 1971ರ ಮೇ ತಿಂಗಳಲ್ಲಿ ಶೇ 61. ಆದರೆ ಮನೆಮನೆಗೆ ಟಿ.ವಿ. ಇಲ್ಲದ, ಸೆನ್ಸಾರ್ ಇದ್ದ ಕೊರಿಯಾ ಯುದ್ಧದಲ್ಲೂ (1950–53) ಬೆಂಬಲ ಇದೇ ರೀತಿ ಕುಸಿದಿತ್ತು. ಜಾನ್ ಮುಲ್ಲರ್ ಎಂಬ ವಿದ್ವಾಂಸ 1973ರಲ್ಲಿ ತೋರಿಸಿದಂತೆ, ಎರಡೂ ಕಡೆ ಬೆಂಬಲ ಇಳಿದದ್ದು ಸಾವುನೋವು ಏರಿದ ಹಾಗೆ. ವಿಯೆಟ್ನಾಂನ ಮೊದಲ ವರ್ಷಗಳ ಟಿ.ವಿ. ವರದಿಗಳು ಸರ್ಕಾರದ ಪರವಾಗಿಯೇ ಇದ್ದವು. ವಾಷಿಂಗ್ಟನ್ನಿನ ನಾಯಕರೇ ಒಡೆದ ಮೇಲೆ ವರದಿಗಳ ಧಾಟಿ ಬದಲಾಯಿತು. ಅಂದರೆ ಮಾಧ್ಯಮದ ಹಿಡಿತ ಅತಿ ಬಿಗಿಯಾಗಿರುವುದು ಆರಂಭದಲ್ಲಿ. ಯುದ್ಧ ಎಳೆದಷ್ಟೂ ಸಾವು, ಬೆಲೆಯೇರಿಕೆ, ಊರಿಗೆ ಮರಳಿದ ಯೋಧನ ಮಾತು ಇವುಗಳ ಮುಂದೆ ಅದು ಸಡಿಲವಾಗುತ್ತದೆ.

ನಿರ್ಬಂಧಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ. 2008ರ ಮುಂಬೈ ದಾಳಿಯನ್ನು ವಾಹಿನಿಗಳು ನೇರ ತೋರಿಸುತ್ತಿದ್ದಾಗ ಗಡಿಯಾಚೆ ಕೂತ ಸೂತ್ರಧಾರರು ಅದನ್ನೇ ನೋಡಿ ದಾಳಿಕೋರರಿಗೆ ಫೋನಿನಲ್ಲಿ ದಾರಿ ಹೇಳಿದರು. 2012ರ ಆಗಸ್ಟ್ 29ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಬಿತ್ತರವನ್ನು ಕಟುವಾಗಿ ಟೀಕಿಸಿತು. 2015ರಲ್ಲಿ ಕೇಬಲ್ ಟಿ.ವಿ. ನಿಯಮಗಳಿಗೆ 6(1)(ಪಿ) ಸೇರಿತು: ಭಯೋತ್ಪಾದನೆ ವಿರುದ್ಧದ ಕಾರ್ಯಾಚರಣೆ ನಡೆಯುವಾಗ ನೇರ ಪ್ರಸಾರವಿಲ್ಲ, ನಿಗದಿತ ಅಧಿಕಾರಿ ಆಗಾಗ ಕೊಡುವ ಮಾಹಿತಿಯಷ್ಟೇ. ಇದು ಪ್ರಾಣ ಉಳಿಸುವ ನಿಯಮ. ಪಡೆ ಎಲ್ಲಿದೆ ಎಂಬುದನ್ನು ಕಾರ್ಯಾಚರಣೆ ಮುಗಿಯುವವರೆಗೆ ಮುಚ್ಚಿಡುವುದು ಬೇರೆ, ಏನಾಯಿತು ಎಂಬುದನ್ನು ಮುಗಿದ ಮೇಲೂ ಮುಚ್ಚಿಡುವುದು ಬೇರೆ. ಎರಡನೆಯದಕ್ಕೆ ನಮ್ಮ ಸೀಮೆಯಲ್ಲೇ ಹಳೆಯ ನಿದರ್ಶನವಿದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದು ಯುದ್ಧವಲ್ಲ, ಆದರೆ ಅಧಿಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಹೊಂದಿಕೆಯಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ಜನ ಸತ್ತರು ಎಂದು ಊರು ಇಂದಿಗೂ ನೆನೆಯುತ್ತದೆ, ಆಗಿನ ಸರ್ಕಾರ ಒಪ್ಪಿದ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ.

ಫೋನು ಕೈಯಲ್ಲಿರುವಾಗ

ಯುದ್ಧದ ವಿಡಿಯೊ ಬಂದರೆ ಮೊದಲು ಅದರ ಮೇಲ್ತುದಿ ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಜೋಡಿ ಬಾಣದ ಗುರುತಿದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು ಎಂದರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಲು ಆಗುವಂತೆ 2020ರಲ್ಲಿ ಮಿತಿ ಹಾಕಿದ್ದಾರೆ. ಫೋಟೊ ತೆಗೆದ ದಿನ, ಜಾಗದ ಮಾಹಿತಿ ಸಾಮಾನ್ಯವಾಗಿ ವಾಟ್ಸ್‌ಆ್ಯಪ್ ಮೂಲಕ ಬರುವಾಗ ಅಳಿಸಿಹೋಗಿರುತ್ತದೆ, ಹಾಗಾಗಿ ಅದನ್ನು ಫೈಲಿನಲ್ಲಿ ಹುಡುಕುವುದು ವ್ಯರ್ಥ.

ವಿಡಿಯೊವನ್ನು ಸ್ಪಷ್ಟವಾದ ಮೂರು ಕಡೆ ನಿಲ್ಲಿಸಿ ಮೂರು ಸ್ಕ್ರೀನ್‌ಶಾಟ್ ತೆಗೆಯಿರಿ. ಬೆಂಕಿಯ ಉಂಡೆ ಬೇಡ. ಕಟ್ಟಡ, ಬೋರ್ಡು, ವಾಹನ ಕಾಣುವ ಚೌಕಟ್ಟು ಆರಿಸಿ. ಮೇಲೆ ಬರೆದ ಅಕ್ಷರ, ವಾಹಿನಿಯ ಲೋಗೊ ಕತ್ತರಿಸಿ ತೆಗೆಯಿರಿ. ಇಲ್ಲವಾದರೆ ಹುಡುಕಾಟ ಆ ಅಕ್ಷರಗಳ ಹಿಂದೆಯೇ ಓಡುತ್ತದೆ. ಒಂದೊಂದನ್ನೂ ಗೂಗಲ್ ಲೆನ್ಸ್‌ಗೆ ಕೊಡಿ. ಬಂದ ಫಲಿತಾಂಶಗಳಲ್ಲಿ ಹೊಸದನ್ನು ಬಿಟ್ಟು ಅತಿ ಹಳೆಯ ದಿನಾಂಕವನ್ನು ಹುಡುಕಿ. ಘಟನೆಗಿಂತ ಒಂದು ದಿನ ಹಿಂದಿನ ಪ್ರತಿ ಸಿಕ್ಕರೂ ಸಾಕು, ವಿಡಿಯೊ ಆ ಘಟನೆಯದ್ದಲ್ಲ. ಏನೂ ಸಿಗದಿದ್ದರೆ ಅದು ನಿಜವೆಂದಲ್ಲ, ಗೊತ್ತಿಲ್ಲವೆಂದಷ್ಟೆ. ಇಲ್ಲಿ ಬಹಳ ಜನ ಎಡವುತ್ತಾರೆ.

ಆಮೇಲೆ ಶಬ್ದ ಹಾಕಿ ಕೇಳಿ: ಕೂಗುವವರ ಭಾಷೆ ಯಾವುದು? ವಾಹನಗಳು ರಸ್ತೆಯ ಯಾವ ಬದಿಯಲ್ಲಿ ಹೋಗುತ್ತಿವೆ? ಭಾರತ, ಪಾಕಿಸ್ತಾನ ಎರಡರಲ್ಲೂ ಎಡಬದಿ. ಬಲಬದಿ ಕಂಡರೆ ಜಾಗವೇ ಬೇರೆ. ಆರ್ಮಾ–3 ಎಂಬ ಕಂಪ್ಯೂಟರ್ ಆಟದ ತುಣುಕುಗಳು 2022ರ ಉಕ್ರೇನ್ ಯುದ್ಧದಲ್ಲೂ, 2025ರಲ್ಲೂ ಅಸಲಿ ಯುದ್ಧವೆಂದು ಓಡಾಡಿದವು. ಅವುಗಳ ಲಕ್ಷಣ: ಬಹಳ ಮಸುಕು, ರಾತ್ರಿಯ ದೃಶ್ಯ, ಶಬ್ದವಿಲ್ಲ, ಚಲಿಸುವ ಮನುಷ್ಯರೇ ಇಲ್ಲ, ಹೊಗೆ ಮತ್ತು ಧೂಳು ಎಲ್ಲ ಸ್ಫೋಟದಲ್ಲೂ ಒಂದೇ ಆಕಾರ. ಮಾತಾಡುವ ನಾಯಕರ ವಿಡಿಯೊ ಆದರೆ ಕುತ್ತಿಗೆ ಮತ್ತು ತುಟಿಯಂಚು ನೋಡಿ. 2022ರ ಮಾರ್ಚಿನಲ್ಲಿ ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿ ಶರಣಾಗಲು ಹೇಳಿದಂತಿದ್ದ ನಕಲಿ ವಿಡಿಯೊ ಸಿಕ್ಕಿಬಿದ್ದದ್ದು ತಲೆಯೂ ಮೈಯೂ ಹೊಂದದಿದ್ದರಿಂದ. ಈಗಿನವು ಅದಕ್ಕಿಂತ ನುಣುಪು, ಹಾಗಾಗಿ ಕಣ್ಣನ್ನೊಂದೇ ನಂಬದೆ ಅದೇ ಭಾಷಣ ಅವರ ಅಧಿಕೃತ ಖಾತೆಯಲ್ಲಿದೆಯೇ ನೋಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಫೋನಿಗೆ ಅಕ್ಷರಶಃ ಅನ್ವಯಿಸುತ್ತದೆ.

ಬರಹದ ಸುದ್ದಿಗೆ ಬೇರೆ ಪರೀಕ್ಷೆ. ಮೊದಲು ಕರ್ತೃಪದ ಹುಡುಕಿ: ಯಾರು ಹೇಳಿದರು, ಯಾರು ಎಣಿಸಿದರು, ಯಾರು ಹೊಡೆದರು. ‘ದಾಳಿಯಲ್ಲಿ ನಾಗರಿಕರ ಸಾವು’ ಎಂದಿದ್ದರೆ ಹೊಡೆದವರ ಹೆಸರು ಎಲ್ಲಿ ಬಿಟ್ಟುಹೋಯಿತು ನೋಡಿ. ಎದುರಾಳಿಯ ನಷ್ಟದ ಸಂಖ್ಯೆಯನ್ನು ನಮ್ಮ ಕಡೆಯವರು ಹೇಳಿದ್ದರೆ ಅದು ಅಂದಾಜು. ತನ್ನ ನಷ್ಟವನ್ನು ಒಂದು ದೇಶ ತಾನೇ ಒಪ್ಪಿದ್ದರೆ ಅದಕ್ಕೆ ತೂಕ ಹೆಚ್ಚು, ಯಾಕೆಂದರೆ ಸುಮ್ಮಸುಮ್ಮನೆ ಯಾರೂ ಒಪ್ಪುವುದಿಲ್ಲ. ಎರಡು ವಾಹಿನಿ ಹೇಳಿದವು ಎಂದ ಮಾತ್ರಕ್ಕೆ ಎರಡು ಮೂಲ ಆಗುವುದಿಲ್ಲ, ಎರಡೂ ಒಂದೇ ಸಂಸ್ಥೆಯ ಒಂದೇ ಸಾಲನ್ನು ಎತ್ತಿಕೊಂಡಿರಬಹುದು.

ಗುಂಪಿನ ಅಡ್ಮಿನ್ ಆಗಿರುವವರಿಗೆ ಒಂದು ಮಾತು. ಇಂಥ ದಿನಗಳಲ್ಲಿ ಸಂದೇಶ ಕಳಿಸುವ ಅವಕಾಶವನ್ನು ಅಡ್ಮಿನ್‌ಗಳಿಗೆ ಮಾತ್ರ ಎಂದು ಬದಲಿಸಿಡಬಹುದು, ಸೆಟ್ಟಿಂಗ್ಸ್‌ನಲ್ಲಿ ಅರ್ಧ ನಿಮಿಷದ ಕೆಲಸ. ಸಾರ್ವಜನಿಕರಲ್ಲಿ ಭಯ ಹುಟ್ಟಿಸುವ, ಸಮುದಾಯಗಳ ನಡುವೆ ದ್ವೇಷ ಬಿತ್ತುವ ಸುಳ್ಳು ಸುದ್ದಿ ಹರಡುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 353ರಡಿ ಮೂರು ವರ್ಷದವರೆಗೆ ಶಿಕ್ಷೆ ಆಗಬಹುದಾದ ಅಪರಾಧ. ಯಾರನ್ನೋ ಎಲ್ಲರೆದುರು ‘ಸುಳ್ಳು’ ಎಂದು ಹಂಗಿಸುವ ಬದಲು, ಕಳಿಸಿದವರಿಗೆ ಬೇರೆಯಾಗಿ ‘ಅಣ್ಣಾ, ಇದು ಜನವರಿಯ ಫಿಲಡೆಲ್ಫಿಯಾ ವಿಡಿಯೊ, ನೋಡಿ’ ಎಂದು ಮೂಲದ ಲಿಂಕ್ ಕಳಿಸಿದರೆ ಅವರೇ ಅಳಿಸುವ ಸಾಧ್ಯತೆ ಹೆಚ್ಚು.

ಮೊದಲ ದಿನ ತಿಳಿಯದೆ ಉಳಿದದ್ದು ಆಮೇಲೆ ಎಲ್ಲಿ ಸಿಗುತ್ತದೆ? ಕಾರ್ಗಿಲ್ ಬಗ್ಗೆ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ವರದಿ ಕೊಟ್ಟಿತು, ಅದರ ಹೆಚ್ಚಿನ ಭಾಗ ಸಾರ್ವಜನಿಕರಿಗೆ ಲಭ್ಯವಿದೆ. ಲೋಕಸಭೆ, ರಾಜ್ಯಸಭೆಯಲ್ಲಿ ಸದಸ್ಯರು ಕೇಳಿದ ಪ್ರಶ್ನೆ, ಮಂತ್ರಿಗಳ ಲಿಖಿತ ಉತ್ತರ ಸಂಸತ್ತಿನ ಜಾಲತಾಣದಲ್ಲಿ ಸಚಿವಾಲಯವಾರು ಸಿಗುತ್ತವೆ. ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳೂ ಅಲ್ಲೇ ಇವೆ. ಪ್ರೌಢಶಾಲೆ, ಕಾಲೇಜಿನ ಶಿಕ್ಷಕರು ಒಂದು ಯುದ್ಧದ ಮೊದಲ ದಿನದ, ಹತ್ತನೇ ದಿನದ, ಮೂವತ್ತನೇ ದಿನದ ಮುಖಪುಟಗಳನ್ನು ಗ್ರಂಥಾಲಯದಿಂದ ತೆಗೆಸಿ ಪಕ್ಕಪಕ್ಕ ಇಟ್ಟು, ಯಾವ ಸಂಖ್ಯೆ ಬದಲಾಯಿತು, ಯಾವ ಹೆಸರು ಕಾಣೆಯಾಯಿತು, ಯಾವ ಪ್ರಶ್ನೆ ಹೊಸದಾಗಿ ಬಂತು ಎಂದು ಮಕ್ಕಳಿಂದಲೇ ಗುರುತು ಹಾಕಿಸಬಹುದು. ಅದಕ್ಕೆ ಎರಡು ಪೀರಿಯಡ್ ಸಾಕು.